ಕೆಂಪು ವೈನಿಗೆ ಬೆಲೆ ಕಟ್ಟುತ್ತಿದ್ದ ಸಂಘಮಿತ್ರಾ

ಸಂಘಮಿತ್ರಾಳ ತಾತ ದೊಡ್ಡಮುನಿಯಪ್ಪ ಹೊರಮಾವಿನ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಹಿಡಿದ ಆಳು. ತೋಟ ಗೌಡರದು, ಬಾವಿ ಗೌಡರದು, ಕತ್ತರಿಯೊಂದು ಅವನದು. ಬಳ್ಳಿಯ ಯಾವ ಕಣ್ಣು ಉಳಿಸಬೇಕು, ಯಾವುದನ್ನು ಸವರಬೇಕು ಎಂಬುದರಲ್ಲಿ ಆ ಸುತ್ತಿಗೆಲ್ಲ ಅವನದೇ ಎತ್ತಿದ ಕೈ. ಒಂದು ವರ್ಷ ಬೂದಿರೋಗ ಬಿದ್ದು ಸುತ್ತಲ ತೋಟಗಳೆಲ್ಲ ಸುಟ್ಟ ಚಿಂದಿಯಂತಾದಾಗ, ಗಂಧಕದ ಪುಡಿಯ ಚೀಲ ಹೆಗಲಿಗೆ ಹಾಕಿಕೊಂಡು ಬಳ್ಳಿ ಬಳ್ಳಿಗೂ ಎರಚಿ ಗೌಡರ ತೋಟವೊಂದನ್ನು ಉಳಿಸಿದ. ಅದಕ್ಕೆ ಸಿಕ್ಕ ಇನಾಮು ಒಂದು ಕ್ಯಾನು ಸಾರಾಯಿ. ಆಮೇಲಾಮೇಲೆ ಕೂಲಿಯೂ ಅರ್ಧ ಸಾರಾಯಿಯಾಗಿಯೇ ಬರತೊಡಗಿತು. ಕೊನೆಗೆ ಯಾರೋ ಕೆರೆಯಂಚಿನಲ್ಲಿ ಬೇಯಿಸಿದ ಕಳ್ಳಭಟ್ಟಿ ಕುಡಿದ. ಮೊದಲು ಕಣ್ಣು ಹೋಯಿತು, ಮಾರನೆಯ ದಿನ ಪ್ರಾಣ ಹೋಯಿತು.

ಅವನ ಹೆಂಡತಿ ಪಿಳ್ಳಮ್ಮ ಅಳುತ್ತಾ ಕೂರುವ ಹೆಂಗಸಲ್ಲ. ಅದೇ ತೋಟಗಳ ನೀಲಿ ದ್ರಾಕ್ಷಿಯನ್ನು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊತ್ತು ಶಿವಾಜಿನಗರಕ್ಕೆ ನಡೆದಳು. ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಒಂದು ಅತ್ತರಿನ ಅಂಗಡಿ. ಅದರ ಮೆಟ್ಟಿಲ ಪಕ್ಕ ಜಾಗ ಹಿಡಿದಳು. ಒಂದು ದಿನ ಪೊಲೀಸಿನವನೊಬ್ಬ ಬುಟ್ಟಿ ಒದ್ದಾಗ, ಅವನ ಮುಂಗೈ ಹಿಡಿದು, ಬಿದ್ದ ಹಣ್ಣನ್ನೆಲ್ಲ ಅವನ ಕೈಯಿಂದಲೇ ಆಯಿಸಿದಳು. ಇಡೀ ಗಲ್ಲಿ ನೋಡುತ್ತಿತ್ತು. ಮತ್ತೆ ಯಾವ ಬೂಟೂ ಆ ಬುಟ್ಟಿಯ ಹತ್ತಿರ ಸುಳಿಯಲಿಲ್ಲ.

ಅವಳ ಮಗ ಶ್ರೀರಾಮಪ್ಪ ಕಾರ್ಖಾನೆಯ ಕೆಲಸ ಹಿಡಿದು ಕಗ್ಗದಾಸಪುರದಲ್ಲಿ ಎರಡು ಕೋಣೆಯ ಮನೆ ಕಟ್ಟಿದ. ಬುದ್ಧನ ದೀಕ್ಷೆ ತೆಗೆದುಕೊಂಡ. ಪಂಚಶೀಲವನ್ನು ನಡುಮನೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ತಾನೇ ಬರೆದ. ಮೊದಲ ನಾಲ್ಕು ಶೀಲಗಳು ಒಂದೇ ಅಳತೆಯವು. ಮಾದಕ ವಸ್ತುವನ್ನು ಮುಟ್ಟೆನು ಎಂಬ ಐದನೆಯದನ್ನು ಮಾತ್ರ ಎರಡರಷ್ಟು ದೊಡ್ಡ ಅಕ್ಷರದಲ್ಲಿ ಬರೆದಿದ್ದ. ಬಂದವರು ಕೇಳಿದರೆ, "ನಮ್ಮಪ್ಪ ಇದನ್ನ ಓದ್ಲಿಲ್ಲ, ಅದಕ್ಕೆ," ಎಂದಷ್ಟೇ ಹೇಳುತ್ತಿದ್ದ.

ಇಂಥ ಮನೆಯ, ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡ ಒಬ್ಬಳೇ ಮಗಳು ಸಂಘಮಿತ್ರಾ ವೈನಿನ ವ್ಯಾಪಾರಕ್ಕೆ ಬಿದ್ದದ್ದು ಹೇಗೆಂದು ಕೇಳಿದರೆ, ದಾರಿ ಆ ಅತ್ತರಿನ ಅಂಗಡಿಯಿಂದಲೇ ಶುರುವಾಗುತ್ತದೆ. ಅಜ್ಜಿಯ ಬುಟ್ಟಿಯ ಪಕ್ಕ ಕೂತು ಬೇಸರ ಬಂದಾಗ ಹುಡುಗಿ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದಳು. ಅಂಗಡಿಯ ಕಲೀಮುಲ್ಲಾ ಆಗಿನ್ನೂ ಮೀಸೆ ಕಪ್ಪಿದ್ದ ಮನುಷ್ಯ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಒಂದೊಂದೇ ಶೀಶೆಯಲ್ಲಿ ಅದ್ದಿ, ಅವಳ ಮೂಗಿನ ಮುಂದೆ ಆಡಿಸುತ್ತಿದ್ದ. "ಬೋಲ್ ಬೇಟಿ, ಯಾವ್ದು?" ಗುಲಾಬಿ, ಲಾವಂಚ, ಕೇದಗೆ, ಹೊಸ ಮಳೆಯ ಮಣ್ಣು. ಆಮೇಲೆ ಎರಡು ಬೆರೆಸಿ ಕೇಳುವನು, ಮೂರು ಬೆರೆಸಿ ಕೇಳುವನು. ಅವಳು ತಪ್ಪು ಹೇಳಿದ್ದು ಅಪರೂಪ. "ಈ ಮೂಗು ನನ್ನ ಮಗನಿಗೆ ಯಾಕೆ ಕೊಡ್ಲಿಲ್ಲ ಅಲ್ಲಾ," ಎಂದು ಕಲೀಮುಲ್ಲಾ ತಲೆ ಚಚ್ಚಿಕೊಂಡರೆ ಹೊರಗಿನಿಂದ ಪಿಳ್ಳಮ್ಮ, "ನಿನ್ ಮಗನ ಮೂಗು ಬಿರಿಯಾನಿಗೇ ಸರಿ ಬಿಡು ಸಾಬಿ," ಎಂದು ನಗುತ್ತಿದ್ದಳು.

ಓದು ಮುಗಿದ ಮೇಲೆ ಇಂದಿರಾನಗರದ ಒಂದು ದೊಡ್ಡ ಮದ್ಯದಂಗಡಿಯಲ್ಲಿ ಬಿಲ್ಲು ಹಾಕುವ ಕೆಲಸ ಸಿಕ್ಕಿತು. ಅಂಗಡಿಯ ಯಜಮಾನ ಜಗನ್. ದೊಡ್ಡಮುನಿಯಪ್ಪ ಯಾರ ತೋಟವನ್ನು ಗಂಧಕ ಎರಚಿ ಉಳಿಸಿದ್ದನೋ ಆ ಗೌಡರ ಮೊಮ್ಮಗ. ತೋಟಗಳು ಅಪಾರ್ಟ್‌ಮೆಂಟುಗಳಾಗಿ ಬಾಡಿಗೆ ಸುರಿಯುತ್ತಿದ್ದರೂ ಕೈಕಟ್ಟಿ ಕೂರದೆ ಅಂಗಡಿ ಇಟ್ಟವನು. ವಿಸ್ಕಿಯಾದರೆ ಅವನಿಗೆ ಕರತಲಾಮಲಕ. ವೈನೆಂದರೆ ಹುಳಿ ನೀರು.

ಒಂದು ದಿನ ಫ್ರಾನ್ಸಿನ ಬಾಟಲಿಗಳನ್ನು ತರಿಸಿ ಮಾರುವವರು ಅಂಗಡಿಗೆ ಬಂದು ನಾಲ್ಕಾರು ಲೋಟಗಳಲ್ಲಿ ಮಾದರಿ ಸುರಿದರು. ಜಗನ್ ತಮಾಷೆಗೆಂದು ಎರಡು ಲೋಟಗಳನ್ನು ಬಿಲ್ಲಿನ ಮೇಜಿನತ್ತ ಚಾಚಿದ. "ಕುಡೀಬೇಡ, ಬರೀ ಮೂಸಿ ಹೇಳು. ಏನನ್ಸುತ್ತೆ?"

ಸಂಘಮಿತ್ರಾ ಎರಡನ್ನೂ ಮೂಸಿದಳು. ಕಣ್ಣು ಮುಚ್ಚಿ ಮತ್ತೊಮ್ಮೆ ಮೂಸಿದಳು. "ಇದು ಸೀಸದ ಕಡ್ಡಿ ಚೂಪು ಮಾಡಿದ್ಹಂಗೆ. ಆಮೇಲೆ ನೇರಳೆಹಣ್ಣು. ಕೆಳಗಡೆ ಹಳೇ ಬೀಡಿಪೆಟ್ಟಿಗೆ. ಆ ಇನ್ನೊಂದಿದೆಯಲ್ಲ, ಅದ್ರಲ್ಲಿ ಇದ್ಯಾವ್ದೂ ಇಲ್ಲ, ಬರೀ ಮರದ ಪುಡಿ."

ಅವಳು ಮರದ ಪುಡಿ ಎಂದ ವೈನಿನ ಬೆಲೆ ನೇರಳೆಹಣ್ಣಿನದರ ಎರಡರಷ್ಟಿತ್ತು. ಜಗನ್‌ಗೆ ಅಷ್ಟು ಸಾಕಾಯಿತು. ಮಾರನೆಯ ವಾರವೇ ಅವಳನ್ನು ಬಿಲ್ಲಿನಿಂದ ಎಬ್ಬಿಸಿ ವೈನಿನ ಕಪಾಟುಗಳ ಮುಂದೆ ನಿಲ್ಲಿಸಿದ.

ಮನೆಯಲ್ಲಿ ವಿಷಯ ತಿಳಿದಾಗ ಶ್ರೀರಾಮಪ್ಪ ಗೋಡೆಯ ಐದನೆಯ ಸಾಲಿನತ್ತ ನೋಡಿದ. "ನಾಲಿಗೆ ಮೇಲೆ ಇಟ್ಕೋತೀಯ?" ಎಂದು ಕೇಳಿದ.

"ಇಡ್ಬೇಕಾಗತ್ತಪ್ಪ."

"ಇಟ್ಕೊಂಡು ಉಗಿದ್ಬಿಡು. ಗಂಟಲಿಗೆ ಇಳೀಬಾರ್ದು. ಒಂದು ತೊಟ್ಟು ಇಳಿದ್ರೂ ನೀನು ನನ್ ಮಗಳಲ್ಲ, ನಮ್ಮಪ್ಪನ ಮೊಮ್ಮಗಳು."

ಅವಳು ಒಪ್ಪಿಕೊಂಡಳು. ಹಾಗೆಯೇ ನಡೆದುಕೊಂಡಳು ಕೂಡ. ಒಂದು ಸ್ಟೀಲಿನ ಚೊಂಬು ಪಕ್ಕದಲ್ಲಿಟ್ಟುಕೊಂಡು, ಮೂಸಿ, ಬಾಯಲ್ಲಾಡಿಸಿ, ಉಗಿದು, ಬಾಯಿ ಮುಕ್ಕಳಿಸುವಳು. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ನಡೆಯುವ, ವೈನಿನ ರುಚಿ ನೋಡುವ ಸಭೆಗಳಿಗೂ ಆ ಚೊಂಬು ಅವಳ ಚೀಲದಲ್ಲಿ ಹೋಗುತ್ತಿತ್ತು. ವೈನ್ ಕುಡಿಯದ ವೈನ್ ಮೇಡಂ ಎಂದು ಹೆಸರೇ ಬಿತ್ತು.

ಅವಳು ಹೆಚ್ಚು ತಲೆ ಕೆಡಿಸಿಕೊಂಡದ್ದು ಫ್ರಾನ್ಸಿನ ಬೋರ್ಡೊ ಸೀಮೆಯ ದರ್ಜೆ ಕಟ್ಟಿದ ಕೆಂಪು ವೈನುಗಳ ಬಗ್ಗೆ. ಸಾವಿರದ ಎಂಟುನೂರ ಐವತ್ತೈದರಲ್ಲಿ ಪ್ಯಾರಿಸ್ಸಿನಲ್ಲೊಂದು ದೊಡ್ಡ ಪ್ರದರ್ಶನ ನಡೆದಾಗ, ಅಲ್ಲಿನ ದಲ್ಲಾಳಿಗಳು ಯಾವ ತೋಟದ ವೈನು ಎಷ್ಟಕ್ಕೆ ಹೋಗುತ್ತಿದೆ ಎಂಬುದನ್ನು ನೋಡಿ, ಅರವತ್ತರಷ್ಟು ತೋಟಗಳನ್ನು ಐದು ದರ್ಜೆಗಳಲ್ಲಿ ಕೂರಿಸಿದರು. ಅಂದು ಕೂತವರು ಇಂದಿಗೂ ಅಲ್ಲೇ ಕೂತಿದ್ದಾರೆ. ಬದಲಾದದ್ದು ಎಲ್ಲೋ ಒಂದೆರಡು. ನಡುವೆ ತೋಟದ ಮಣ್ಣು ಮಾರಾಟವಾಗಿರಬಹುದು, ಪಕ್ಕದ ಹೊಲ ಸೇರಿರಬಹುದು, ಅಜ್ಜ ಶ್ರದ್ಧೆಯಿಂದ ಮಾಡಿದ್ದನ್ನು ಮೊಮ್ಮಗ ಕಾಟಾಚಾರಕ್ಕೆ ಮಾಡುತ್ತಿರಬಹುದು. ದರ್ಜೆ ಮಾತ್ರ ವೈನು ಮಾಡುವ ಮನೆಯ ಹೆಸರಿಗೆ ಅಂಟಿಕೊಂಡೇ ಇರುತ್ತದೆ, ಬೆಲೆಯೂ ಅದರ ಬೆನ್ನಿಗೆ.

ಇದನ್ನು ಅಪ್ಪನಿಗೆ ವಿವರಿಸಿ ಹೇಳಿದಾಗ ಶ್ರೀರಾಮಪ್ಪ ಮೂಗು ಮುರಿದ. "ಯಾವನೋ ಯಾವತ್ತೋ ಕಟ್ಟಿದ ಮೆಟ್ಲು, ಇನ್ನೂ ಅದೇ ಮೆಟ್ಲಲ್ಲಿ ನಿಂತವ್ರಾ? ಹಂಗಾದ್ರೆ ನೀನು ನಂಗೆ ಹೊಸದೇನೂ ಹೇಳ್ಲಿಲ್ಲ ಬಿಡು."

ಸಂಘಮಿತ್ರಾ ಹೊಸದೇನು ಮಾಡಿದಳೆಂದರೆ, ಬಾಟಲಿಗೆ ಹಿಟ್ಟಿನ ಚೀಲ ಮುಚ್ಚಿ, ಹೆಸರು ಕಾಣದಂತೆ ಮಾಡಿ, ಮೂಗಿನಿಂದ ಬೆಲೆ ಕಟ್ಟತೊಡಗಿದಳು. ಹತ್ತಿರ ಯಾರೂ ನಿಲ್ಲಬಾರದು, ಬಾಯಿ ಬಿಡಬಾರದು, ಅವಳಿಗಿಂತ ಮೊದಲು ಯಾರೂ ಲೋಟ ಮೂಸಬಾರದು. ಆಮೇಲೆ ಒಂದೇ ಮಾತು: ಕೊಟ್ಟ ದುಡ್ಡಿಗೆ ಸರಿ, ಇಲ್ಲವೆ ಸರಿಯಲ್ಲ. ಹೀಗೆ ನೋಡಿ ನೋಡಿ ಅವಳಿಗೆ ಕೆಲವು ಒಳದಾರಿಗಳು ಸಿಕ್ಕವು. ಐದನೆಯ ದರ್ಜೆಯ ಕೆಲವು ಮನೆಗಳು ಎರಡನೆಯದಕ್ಕೆ ಸರಿಸಮ ನಿಲ್ಲುತ್ತವೆ, ಬೆಲೆ ಅರ್ಧ. ಒಳ್ಳೆಯ ಮನೆಯ ಸಾಧಾರಣ ಬೆಳೆ ವರ್ಷದ ಬಾಟಲಿ, ಸಾಧಾರಣ ಮನೆಯ ಒಳ್ಳೆಯ ಬೆಳೆ ವರ್ಷದ ಬಾಟಲಿಗಿಂತ ವಾಸಿ. ಎಳೆಯ ಬಾಟಲಿಗೆ ದೊಡ್ಡ ಬೆಲೆ ಕೊಟ್ಟು ಅಂದೇ ಕುಡಿದರೆ ದುಡ್ಡು ಗಾಳಿಗೆ ತೂರಿದ ಹಾಗೆ, ಹತ್ತು ವರ್ಷವಾದರೂ ಕಾಯಬೇಕು. ಎಲ್ಲಕ್ಕಿಂತ ಮುಖ್ಯ, ಮುಂಬಯಿಯಿಂದ ಬಿಸಿಲಲ್ಲಿ ಲಾರಿ ಹತ್ತಿ ಬಂದು, ಕರೆಂಟಿಲ್ಲದ ಗೋಡೌನಿನಲ್ಲಿ ಕೊಳೆತ ಮೊದಲ ದರ್ಜೆಗಿಂತ ತಂಪಿನಲ್ಲಿದ್ದ ಐದನೆಯದೇ ಮೇಲು.

ಒಮ್ಮೆ ಬಾಣಸವಾಡಿಯ ಬಿಲ್ಡರೊಬ್ಬ ಬಂದು, "ಎರಡನೇ ದರ್ಜೆದೇ ಬೇಕು, ಬೀಗರಿಗೆ ಕೊಡೋದು," ಎಂದು ಪಟ್ಟು ಹಿಡಿದ.

"ಬೀಗರು ಕುಡೀತಾರಾ, ಇಲ್ಲ ಶೋಕೇಸಲ್ಲಿ ಇಡ್ತಾರಾ ಸಾರ್?"

"ಕುಡೀತಾರೆ ಕಣಮ್ಮ, ಚೆನ್ನಾಗೇ ಕುಡೀತಾರೆ."

"ಹಂಗಾದ್ರೆ ಇದು ತಗೊಂಡೋಗಿ, ಐದನೇದು. ಉಳಿದ ದುಡ್ಡಲ್ಲಿ ಒಂದು ಒಳ್ಳೆ ಮಟನ್ ತರ್ಸಿ. ವೈನ್ ಬಗ್ಗೆ ಅವ್ರು ಬೈದ್ರೆ ನನ್ ಹೆಸ್ರು ಹೇಳಿ."

ಆಚೆ ನಿಂತಿದ್ದ ಜಗನ್ ಹಣೆ ಹಣೆ ಬಡಿದುಕೊಂಡ. "ಏ ಮಿತ್ರ, ನನ್ ಅಂಗಡಿ ಮುಚ್ಸಕ್ಕೇ ಬಂದಿದೀಯಾ ನೀನು?" ಬಿಲ್ಡರು ಮಾರನೆಯ ತಿಂಗಳು ಆರು ಬಾಟಲಿಗೆ ಬಂದ. ಆಮೇಲೆ ಜಗನ್ ಹಣೆ ಬಡಿದುಕೊಳ್ಳುವುದನ್ನು ಬಿಟ್ಟ. ಅವಳು ಆರಿಸಿದ ಬಾಟಲಿಗಳಿಗೆ ಒಂದು ಕಪಾಟನ್ನೇ ಬಿಟ್ಟು, 'ಮಿತ್ರ ಆಯ್ಕೆ' ಎಂದು ಹಲಗೆ ತೂಗುಹಾಕಿದ. ಹಲಸೂರು, ರಿಚರ್ಡ್ಸ್ ಟೌನ್ ಕಡೆಯಿಂದೆಲ್ಲ ಜನ ಬಂದು ಬೇರೆ ಕಡೆ ಕಣ್ಣೂ ಹಾಯಿಸದೆ ಆ ಕಪಾಟಿನಿಂದಲೇ ಒಯ್ಯುತ್ತಿದ್ದರು. ಅವಳ ಮಾತೇ ಅವಳ ಆಸ್ತಿ. ಹೊರಮಾವಿನಲ್ಲಿ ಗೇಣು ನೆಲವಿಲ್ಲದ ಮನೆತನಕ್ಕೆ ಅದೊಂದು ಆಸ್ತಿಯಾಗಿತ್ತು.

ಆಮೇಲೆ ಆ ಕೊರೋನಾ ಜ್ವರದ ವರ್ಷ ಬಂತು. ಎರಡನೆಯ ಸಲ ಊರಿಗೆಲ್ಲ ಹಬ್ಬಿದಾಗ ಮನೆಯ ಮೂವರೂ ಮಲಗಿದರು. ತೊಂಬತ್ತರ ಗಡಿಯಲ್ಲಿದ್ದ ಪಿಳ್ಳಮ್ಮ ಏಳಲಿಲ್ಲ. ಸುಡುಗಾಡಿನ ಮುಂದೆ ಆಂಬುಲೆನ್ಸುಗಳ ಸಾಲಿನಲ್ಲಿ ಅವಳ ಸರದಿ ಬರುವವರೆಗೆ ಅಪ್ಪ ಮಗಳು ರಸ್ತೆಯಂಚಿನ ಕಲ್ಲಿನ ಮೇಲೆ ಕೂತಿದ್ದರು. ಮುಖ ನೋಡಲೂ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಸಂಘಮಿತ್ರಾ ಹಾಲು ಒಲೆಯ ಮೇಲಿಟ್ಟು ಪಕ್ಕದಲ್ಲೇ ನಿಂತಿದ್ದಳು. ಕಣ್ಣು ಎಲ್ಲೋ, ಮನಸ್ಸು ಎಲ್ಲೋ. ಹೊರಗಿನಿಂದ ಶ್ರೀರಾಮಪ್ಪ ಕೂಗಿದ. "ಏನಮ್ಮ, ಹಾಲು ಸೀದು ಬೀದಿಗೆಲ್ಲ ನಾತ ಹೊಡೀತಿದೆ, ಅಲ್ಲೇ ನಿಂತಿದೀಯಲ್ಲ!" ಅವಳು ತಲೆ ಬಗ್ಗಿಸಿ ನೋಡಿದಳು. ಪಾತ್ರೆಯ ತಳ ಕರಿಹಿಡಿದಿತ್ತು. ಮುಖವನ್ನು ಪಾತ್ರೆಗೆ ತಾಗುವಷ್ಟು ಹತ್ತಿರ ಒಯ್ದಳು. ಬಿಸಿ ತಾಗಿತು. ಬೇರೇನೂ ಇಲ್ಲ.

ಇದು ಎಲ್ಲರಿಗೂ ಆಗುತ್ತಿದೆ, ನಾಲ್ಕು ವಾರದಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರು. ಹೋಗಲಿಲ್ಲ. ಅಪ್ಪನಿಗೂ ಹೇಳದೆ ಅವಳು ಶಿವಾಜಿನಗರಕ್ಕೆ ಹೋದಳು. ಕಲೀಮುಲ್ಲಾನ ಗಡ್ಡ ಪೂರಾ ಬೆಳ್ಳಗಾಗಿತ್ತು. ಅವನು ಎಲ್ಲ ಕೇಳಿಸಿಕೊಂಡು ನಾಲ್ಕು ಚಿಕ್ಕ ಶೀಶೆ ತುಂಬಿಕೊಟ್ಟ. ಗುಲಾಬಿ, ಲವಂಗ, ನಿಂಬೆ, ನೀಲಗಿರಿ. "ಬೆಳಗ್ಗೆ ಸಾಯಂಕಾಲ ಮೂಸು ಬೇಟಿ. ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡ್ಸ್ಬೇಕು." ತಿಂಗಳುಗಟ್ಟಲೆ ಮೂಸಿದಳು. ಒಂದು ಬೆಳಗ್ಗೆ ಗುಲಾಬಿಯಿಂದ ಏನೋ ಬಂತು. ಆದರೆ ಬಂದದ್ದು ಸುಟ್ಟ ಟೈರಿನ ವಾಸನೆ. ಲವಂಗದಿಂದಲೂ ಅದೇ, ನಿಂಬೆಯಿಂದಲೂ ಅದೇ. ಕೆಲವು ವಾರದ ಮೇಲೆ ಅದೂ ಹೊರಟುಹೋಯಿತು.

ಅಂಗಡಿಯಲ್ಲಿ ಮಾತ್ರ ಅವಳು ತುಟಿ ಬಿಚ್ಚಲಿಲ್ಲ. ಇವತ್ತು ಬರಬಹುದು, ನಾಳೆ ಬರಬಹುದು ಎಂದು ಮೊದಲು ಸುಮ್ಮನಿದ್ದಳು. ಆಮೇಲೆ ಸುಮ್ಮನಿದ್ದದ್ದೇ ಅಭ್ಯಾಸವಾಯಿತು. ಚೀಲ ಮುಚ್ಚುವುದು, ಒಬ್ಬಳೇ ನಿಲ್ಲುವುದು, ಕಣ್ಣು ಮುಚ್ಚಿ ಲೋಟಕ್ಕೆ ಮೂಗು ಹಿಡಿಯುವುದು ಎಲ್ಲ ಮೊದಲಿನಂತೆಯೇ. ನಾಲಿಗೆ ಇನ್ನೂ ಇತ್ತು; ಹುಳಿ ಎಷ್ಟು, ಒಗರು ಎಷ್ಟು ಎಂಬುದು ತಿಳಿಯುತ್ತಿತ್ತು. ಬಣ್ಣ ಕಾಣುತ್ತಿತ್ತು. ಮಿಕ್ಕದ್ದನ್ನು ಹಳೆಯ ನೆನಪಿನಿಂದಲೂ, ಫೋನಿನಲ್ಲಿ ಪರದೇಶದವರು ಬರೆದ ಅಭಿಪ್ರಾಯಗಳಿಂದಲೂ ತುಂಬಿಸಿ ಹೇಳುತ್ತಿದ್ದಳು. ಗಿರಾಕಿಗಳು ಎಂದಿನಂತೆ ತಲೆಯಾಡಿಸಿ ಒಯ್ಯುತ್ತಿದ್ದರು.

ಆ ನಡುವೆ ಎಲ್ಲೋ ಓದಿದಳು: ನುಂಗಿದಾಗ ಆವಿ ಗಂಟಲಿನಿಂದ ಹಿಂದುಗಡೆಯ ದಾರಿಯಲ್ಲಿ ಮೂಗಿಗೆ ಏರುತ್ತದಂತೆ. ಮುಂಬಾಗಿಲು ಮುಚ್ಚಿದ್ದರೆ ಹಿತ್ತಿಲ ಬಾಗಿಲಾದರೂ ತೆರೆದೀತು ಎಂಬ ಆಸೆ. ಒಂದು ಮಧ್ಯಾಹ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಚೊಂಬು ಎದುರಿಗಿದ್ದಂತೆಯೇ, ಉಗಿಯದೆ ನುಂಗಿದಳು. ಗಂಟಲು ಸುಟ್ಟಿತು, ಕಣ್ಣು ತುಂಬಿತು. ಮೂಗಿನಲ್ಲಿ ಏನೂ ಏಳಲಿಲ್ಲ. ನಾಳೆ ಏಳಬಹುದು ಎಂದು ಮಾರನೆಯ ದಿನವೂ ನುಂಗಿದಳು. ಹಾಗೇ ಮುಂದುವರಿಯಿತು. ಮನೆಗೆ ಹೋಗುವ ಮುಂಚೆ ಏಲಕ್ಕಿ ಅಗಿಯುತ್ತಿದ್ದಳು. ಅದು ಸಾಕೋ ಸಾಲದೋ ಎಂಬುದು ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಶ್ರೀರಾಮಪ್ಪ ಮಾತು ಕಡಿಮೆ ಮಾಡಿದ. ಊಟಕ್ಕೆ ಮಗಳ ಎದುರು ಕೂರುತ್ತಿದ್ದವನು ತಟ್ಟೆ ಎತ್ತಿಕೊಂಡು ಹೊರಗಿನ ಜಗುಲಿಗೆ ಹೋಗತೊಡಗಿದ. ಅಜ್ಜಿ ಹೋದ ದುಃಖ ಇನ್ನೂ ಆರಿಲ್ಲ ಎಂದುಕೊಂಡಳು ಸಂಘಮಿತ್ರಾ.

ಹೀಗೆ ಮೂರು ವರ್ಷ ದಾಟಿತು. ಹೋದ ವರ್ಷದ ಬೇಸಿಗೆಯಲ್ಲಿ ಫ್ರಾನ್ಸಿನ ವೈನು ತರಿಸುತ್ತಿದ್ದ ಒಬ್ಬ ವ್ಯಾಪಾರಿ ಅಂಗಡಿ ಎತ್ತುತ್ತಿದ್ದ. ಅವನ ಬಳಿ ಐದನೆಯ ದರ್ಜೆಯ ಒಂದು ಮನೆಯ ಕೆಂಪು ವೈನು, ಒಳ್ಳೆಯ ವರ್ಷದ್ದು, ಪೆಟ್ಟಿಗೆಗಟ್ಟಲೆ ಉಳಿದಿತ್ತು. ಅರ್ಧ ಬೆಲೆಗೆ ಬಿಡುತ್ತೇನೆಂದ. ಜಗನ್ ಸಂಘಮಿತ್ರಾಳನ್ನು ಕಾರಿನಲ್ಲಿ ಕೂರಿಸಿಕೊಂಡು ಕೆ.ಆರ್. ಪುರದ ಹಿಂದಿನ ಗೋಡೌನಿಗೆ ಹೋದ.

ತಗಡಿನ ಛಾವಣಿಯ ಗೋಡೌನು. ಪೆಟ್ಟಿಗೆಗಳು ಹಳೆಯ ಮರದ ಹಲಗೆಗಳ ಮೇಲೆ ಗೋಡೆಯುದ್ದಕ್ಕೂ ಪೇರಿಸಿದ್ದವು. ಒಳಗೆ ಕಾಲಿಡುತ್ತಲೇ ಜಗನ್ ಮೂಗಿಗೆ ಕೈ ಹಿಡಿದ.

"ಏನ್ ಮಿತ್ರ ಇದು, ಮುಗ್ಗಲು ವಾಸ್ನೆ? ಮಳೇಲಿ ನೆಂದ ಗೋಣಿಚೀಲದ್ಹಂಗೆ."

ಸಂಘಮಿತ್ರಾ ಬಾಗಿಲಲ್ಲೇ ನಿಂತಳು. ವೈನಿನ ಕೆಲಸದಲ್ಲಿ ಆ ವಾಸನೆಯ ಹೆಸರು ಕೇಳಿದರೆ ಯಾರಾದರೂ ಬೆಚ್ಚಬೇಕು. ಬೂಸಲು ಹಿಡಿದ ಮರದ ದೋಷ ಬಿರಡೆಯ ಮೂಲಕ ಬಾಟಲಿಗೆ ಇಳಿದರೆ ಹಣ್ಣಿನ ವಾಸನೆಯೆಲ್ಲ ಸತ್ತು, ಒದ್ದೆ ಗೋಣಿಯೊಂದೇ ಉಳಿಯುತ್ತದೆ. ಬಣ್ಣ ಕೆಡುವುದಿಲ್ಲ. ಹುಳಿ ಒಗರು ಕೆಡುವುದಿಲ್ಲ. ಹಿಡಿಯುವುದಾದರೆ ಮೂಗೇ ಹಿಡಿಯಬೇಕು.

"ಗೋಡೌನ್ ಅಲ್ವಾ ಅಣ್ಣ, ಇರತ್ತೆ," ಎಂದಳು.

ವ್ಯಾಪಾರಿ ಬಾಟಲಿ ತೆರೆದ. ಅವಳು ಎಂದಿನಂತೆ ಇಬ್ಬರನ್ನೂ ಬಾಗಿಲಾಚೆ ಕಳಿಸಿದಳು. ಲೋಟವನ್ನು ಬೆಳಕಿಗೆ ಹಿಡಿದಳು, ಬಣ್ಣ ಗಾಢವಾಗಿತ್ತು. ಮೂಸಿದಳು. ನುಂಗಿದಳು. ಮತ್ತೆ ನುಂಗಿದಳು. ಒಗರು ಹದವಾಗಿತ್ತು. ಹೊರಗೆ ಜಗನ್ ಯಾರೊಡನೆಯೋ ಫೋನಿನಲ್ಲಿ ನಗುತ್ತಿದ್ದ. ಬಾಗಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಅಣ್ಣ, ನೀವೊಂದ್ಸಲ ಮೂಸಿ ನೋಡಿ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ತನಗಿಂತ ಮೊದಲು ಯಾರಿಗೂ ಲೋಟ ಮುಟ್ಟಗೊಡದಿದ್ದವಳು, ಗೌಡರ ಮೊಮ್ಮಗನ ಮೂಗನ್ನು ಕೈಚಾಚಿ ಬೇಡುವುದೆಂದರೇನು ಎಂದು ಒಳಗೆ ಏನೋ ಸೆಟೆದುಕೊಂಡಿತು. ಲೋಟ ಕೆಳಗಿಟ್ಟು ಹೊರಗೆ ಬಂದಳು.

"ಕೊಟ್ಟ ದುಡ್ಡಿಗೆ ಸರಿಯಿದೆ. ತಗೊಳ್ಳಿ."

ಜಗನ್ ಇದ್ದಷ್ಟನ್ನೂ ತೆಗೆದುಕೊಂಡ. ಹಲಗೆಯ ಕೆಳಗಿನ ಕಪಾಟು ತುಂಬಿತು. ಅರ್ಧ ಬೆಲೆಗೆ ದರ್ಜೆಯ ಕೆಂಪು ಎಂದರೆ ಯಾರು ಬಿಟ್ಟಾರು? ಹಳೆಯ ಗಿರಾಕಿಗಳು ಎರಡೆರಡು ಮೂರು ಮೂರು ಒಯ್ದರು. ಹಲಸೂರಿನಲ್ಲಿ ಹೊಸದಾಗಿ ಊಟದ ಮನೆ ತೆರೆಯುತ್ತಿದ್ದ ನಿಖಿತಾ ನಾಲ್ಕು ಪೆಟ್ಟಿಗೆ ಹೇಳಿದಳು. ಒಯ್ಯುವಾಗ ನಿಖಿತಾ ಕೇಳಿದ್ದು ಇಷ್ಟೇ: "ಮಿತ್ರ, ಒಂದು ತೆಗೆದು ನೋಡ್ಲಾ?" ಸಂಘಮಿತ್ರಾ, "ನಾನು ನೋಡಿದೀನಲ್ಲ," ಎಂದಳು. ನಿಖಿತಾ ಆ ಮಾತು ನಂಬಿ ಪೆಟ್ಟಿಗೆಗಳನ್ನು ಒಯ್ದಳು.

ಊಟದ ಮನೆ ತೆರೆದ ಮಾರನೆಯ ದಿನ ಹನ್ನೊಂದು ಗಂಟೆಗೆಲ್ಲ ನಿಖಿತಾ ಅಂಗಡಿಯಲ್ಲಿದ್ದಳು. ಕಣ್ಣು ಊದಿದ್ದವು. ಕೈಯಲ್ಲಿ ಬಿರಡೆ ತೆಗೆದ ಬಾಟಲಿ. ಮೇಜಿನ ಮೇಲೆ ಲೋಟ ಕುಕ್ಕಿ ಸುರಿದಳು.

"ಮೂಸಿ ಹೇಳು ಮಿತ್ರ."

ಸಂಘಮಿತ್ರಾ ಲೋಟ ಎತ್ತಿ ಕಣ್ಣು ಮುಚ್ಚಿದಳು. "ಚೆನ್ನಾಗೇ ಇದೆಯಲ್ಲ ಮೇಡಂ. ತೆಗೆದ ಮೇಲೆ ಸ್ವಲ್ಪ ಹೊತ್ತು ಬಿಡ್ಬೇಕು."

"ಸ್ವಲ್ಪ ಹೊತ್ತಾ? ರಾತ್ರಿಯಿಂದ ಬಿಟ್ಟಿದೀನಿ. ಮೊದಲ್ನೇ ಟೇಬಲ್ಲಲ್ಲೇ ಒಬ್ರು ಎದ್ದೋದ್ರು. ಅಡುಗೆಮನೇಲಿ ಏನೋ ಕೊಳೆತಿದೆ ಅಂತ ನನ್ನ ಅಡುಗೆಯವ್ರನ್ನ ಬೈದೆ ನಾನು. ಪಾಪ, ಅವ್ರು ಪಾತ್ರೆ ಪಾತ್ರೆ ತೆಗೆದು ತೋರ್ಸಿದ್ರು."

ಜಗನ್ ಬಂದು ಲೋಟ ಕಿತ್ತುಕೊಂಡು ಮೂಗಿಗೆ ಹಿಡಿದ. ಹಿಡಿದವನೇ ಮುಖ ಕಿವುಚಿ ದೂರ ಸರಿದ. "ಥೂ! ಇದು ಆ ಗೋಡೌನಿಂದೇ ವಾಸ್ನೆ!" ಅವನ ಕಣ್ಣು ಲೋಟದಿಂದ ಸಂಘಮಿತ್ರಾಳತ್ತ ತಿರುಗಿತು. ಏನೋ ಲೆಕ್ಕ ಕೂಡಿಸುವವನಂತೆ ನೋಡುತ್ತಾ ನಿಂತ. ಆಮೇಲೆ ದೇವರ ಪಟದ ಮೇಲಿಂದ ಅಂದಿನ ಮಲ್ಲಿಗೆ ಹಾರ ತೆಗೆದ.

"ಮಿತ್ರ, ಕಣ್ಮುಚ್ಚು."

"ಯಾಕಣ್ಣ?"

"ಮುಚ್ಚು ಅಂದ್ನಲ್ಲ."

ಅವಳು ಮುಚ್ಚಿದಳು. ಹಾರವನ್ನು ಅವಳ ಮೂಗಿಗೆ ಎರಡು ಬೆರಳಿನ ದೂರದಲ್ಲಿ ಹಿಡಿದ. ಅಂಗಡಿಯಲ್ಲಿದ್ದ ನಾಲ್ಕೈದು ಜನ ಗಿರಾಕಿಗಳು, ಬಿಲ್ಲಿನವರು, ನಿಖಿತಾ, ಎಲ್ಲರೂ ನೋಡುತ್ತಿದ್ದರು.

"ಏನಿದೆ ಹೇಳು."

ಅವಳು ಉಸಿರು ಎಳೆದಳು, ಬಿಟ್ಟಳು. ಮತ್ತೆ ಎಳೆದಳು. ಕೊನೆಗೆ ಕಣ್ಣು ಬಿಡದೆಯೇ, "ಗೊತ್ತಾಗ್ತಿಲ್ಲ," ಎಂದಳು.

"ಯಾವಾಗಿಂದ?"

"ಅಜ್ಜಿ ಹೋದಾಗಿಂದ."

ಜಗನ್ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೂ ತಡೆದುಕೊಳ್ಳಲು ಏನಾದರೂ ಸಿಗುತ್ತಿತ್ತು. "ದುಡ್ಡು ಹೋದ್ರೆ ಹೋಗ್ಲಿ," ಎಂದ. "ವಾಸ್ನೆ ಬರ್ತಿದೆ ಅಂತ ನಾನು ಬಾಯ್ಬಿಟ್ಟು ಕೇಳ್ದೆ ಅಲ್ವಾ? ಇರತ್ತೆ ಅಂದ್ಯಲ್ಲೇ." ನಿಖಿತಾ ಬಾಟಲಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಮೂರು ಗಂಟೆಯ ಬಿಸಿಲಿನಲ್ಲೇ ಮಗಳು ಮನೆಗೆ ಬಂದದ್ದನ್ನು ಕಂಡು ಶ್ರೀರಾಮಪ್ಪ ಜಗುಲಿಯಿಂದ ಎದ್ದ. ಅವಳು ಹೊಸ್ತಿಲಲ್ಲೇ ಕೂತು ಎಲ್ಲವನ್ನೂ ಹೇಳಿದಳು, ನುಂಗಿದ್ದನ್ನೂ ಬಿಡಲಿಲ್ಲ. ಅವನು ಬಂದು ಅವಳ ಪಕ್ಕ ಕೂತ.

"ನುಂಗಿದ್ದು ನಂಗೆ ಗೊತ್ತಿತ್ತು," ಎಂದ. "ದಿನಾ ಬಾಗ್ಲಿಗೆ ಬಂದ ತಕ್ಷಣ ನಿನ್ ಬಾಯಿಂದ ವಾಸ್ನೆ ಬರ್ತಿತ್ತು. ನಮ್ಮಪ್ಪನ ಹತ್ರ ಬರ್ತಿತ್ತಲ್ಲ, ಹಂಗೇ. ಏಲಕ್ಕಿಗೆ ನಾತ ಹೋಗಿಲ್ಲ ಅಂತ ಗೊತ್ತಿದ್ದೂ ಬರ್ತಾಳೆ, ನಾಚಿಕೆ ಬಿಟ್ಟವ್ಳೆ ಅನ್ಕೊಂಡೆ. ಅದಕ್ಕೇ ತಟ್ಟೆ ಎತ್ಕೊಂಡು ಆಚೆ ಹೋಗ್ತಿದ್ದೆ." ಅವನು ಜಗುಲಿಯತ್ತ ನೋಡಿದ. "ನಿಂಗೇ ಗೊತ್ತಾಗ್ತಿಲ್ಲ ಅಂತ ನಂಗೆ ಹೊಳೀಲಿಲ್ಲ ಮಗಾ. ಕೇಳ್ಬೇಕಿತ್ತು ನಾನು. ಮೂರು ವರ್ಷ ಕೇಳ್ಲಿಲ್ಲ."

ಆ ಸಾಯಂಕಾಲ ಅವನು ಅವಳ ಎದುರು ಕೂತು ಊಟ ಮಾಡಿದ.

ಒಯ್ದವರೆಲ್ಲ ಒಬ್ಬೊಬ್ಬರಾಗಿ ಬಾಟಲಿ ತಂದು ಹಿಂದಿರುಗಿಸಿದರು. ಜಗನ್ ಎಲ್ಲವನ್ನೂ ಮರುಮಾತಿಲ್ಲದೆ ವಾಪಸು ತೆಗೆದುಕೊಂಡ. ಆ ಬಿಲ್ಡರೂ ಬಂದಿದ್ದನಂತೆ. ಬೀಗರು ಬೈದರೆ ನನ್ನ ಹೆಸರು ಹೇಳಿ ಎಂದಿದ್ದಳಲ್ಲ, ಹೆಸರು ಹೇಳಲು ಬಂದಿದ್ದೇನೆ ಎಂದು ನಕ್ಕನಂತೆ. ನಿಖಿತಾಳ ಊಟದ ಮನೆ ಮಳೆಗಾಲ ದಾಟಲಿಲ್ಲ. ಅದಕ್ಕೆ ವೈನೊಂದೇ ಕಾರಣವಲ್ಲ, ಬಾಡಿಗೆ ಏರಿತ್ತು, ರಸ್ತೆ ಅಗೆದಿದ್ದರು ಎಂದು ಹೇಳಿದವರುಂಟು. ಸಂಘಮಿತ್ರಾ ಅದನ್ನು ಕೇಳಿಸಿಕೊಳ್ಳಲಿಲ್ಲ.

ಒಂದು ಭಾನುವಾರ ಜಗನ್ ಕಗ್ಗದಾಸಪುರದ ಮನೆಗೇ ಬಂದ. ಶ್ರೀರಾಮಪ್ಪ ಕುರ್ಚಿ ಹಾಕಿದ. ಜಗನ್ ಗೋಡೆಯ ಅಕ್ಷರ ಓದಿ ತಲೆ ತಗ್ಗಿಸಿದ. "ಹಲಗೆ ಇಳ್ಸಿಲ್ಲ ಮಿತ್ರ. ಮೂಸಕ್ಕೆ ಬೇರೆ ಯಾರನ್ನಾದ್ರೂ ಇಡ್ತೀನಿ, ಹೆಸ್ರು ನಿಂದೇ ಇರ್ಲಿ. ಜನ ಮರೀತಾರೆ ಬಿಡು. ನೀನು ಸುಮ್ನೆ ಬಂದು ನಿಂತ್ಕೊಂಡ್ರೆ ಸಾಕು." ಅವಳು ಹಲಗೆ ಇಳಿಸಿಬಿಡಿ ಅಣ್ಣ ಎಂದಳು. ಅವನು ಕಾಫಿ ಕುಡಿದು ಎದ್ದುಹೋದ.

ಈಗ ಸಂಘಮಿತ್ರಾ ಕಗ್ಗದಾಸಪುರದ ಮುಖ್ಯರಸ್ತೆಯ ಒಂದು ಬಣ್ಣದಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಇಕ್ಕಟ್ಟಾದ ಅಂಗಡಿ; ಹಿಂದೆ ಡಬ್ಬಿಗಟ್ಟಲೆ ಥಿನ್ನರು. ಮೊದಲಿದ್ದವರೆಲ್ಲ ತಲೆನೋವೆಂದು ತಿಂಗಳಿಗೇ ಬಿಟ್ಟುಹೋಗಿದ್ದರಂತೆ. "ನಿನಗೇನೂ ಆಗಲ್ವೇನಮ್ಮ?" ಎಂದು ಅಂಗಡಿಯವನಿಗೆ ಆಶ್ಚರ್ಯ. ಆಗಲ್ಲ ಎಂದು ಅವಳು ಬಿಲ್ಲು ಹರಿಯುತ್ತಾಳೆ.

ಮೊನ್ನೆ ಅಲ್ಲಿಗೆ ಕಲೀ‌ಮುಲ್ಲಾ ಬಂದ. ಮಂಡಿ ನೋವಿನ ಮುದುಕ, ಎರಡು ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದ. ಥಿನ್ನರಿನ ಘಾಟಿಗೆ ಕೆಮ್ಮು ಹತ್ತಿ ಕರವಸ್ತ್ರ ಮೂಗಿಗೆ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತ. ಅವಳು ನೀರು ಕೊಟ್ಟಳು.

"ಬೇಟಿ, ನಾನು ಆ ಜಗನ್ ಹತ್ರ ಮಾತಾಡ್ದೆ. ಜೊತೆಗೆ ನಾನು ಬರ್ತೀನಿ. ನೀನು ಬಣ್ಣ ನೋಡು, ನಾಲಿಗೆ ಮೇಲಿಟ್ಟು ಉಗಿ. ವಾಸ್ನೆ ನಾನು ಹೇಳ್ತೀನಿ. ನಿನಗೆ ಕಲ್ಸಿದ್ದೇ ಈ ಮೂಗು, ಹೌದೋ ಅಲ್ವೋ? ಒದ್ದೆ ಗೋಣಿ ಇದ್ರೆ ಗೋಡೌನಿನ ಗೇಟಲ್ಲೇ ಹೇಳ್ಬಿಡ್ತೀನಿ."

"ಶರಾಬು ಚಾಚಾ ಅದು. ನಿಮ್ಮ ಮಸೀದಿಯವ್ರು ಏನಂತಾರೆ?"

"ಅರೆ, ಕುಡಿಯೋದು ಹರಾಮು. ಗಾಳೀಲಿ ಬಂದಿದ್ದನ್ನ ಮೂಸಿದ್ರೆ ಏನಾಗತ್ತೆ? ಆದ್ರೂ ಆಗ್ಲಿ. ಅದಕ್ಕೆ ಜವಾಬು ಮೇಲೆ ಹೋದಾಗ ನಾನು ಕೊಟ್ಕೋತೀನಿ. ಪಿಳ್ಳಮ್ಮ ಇದ್ದಿದ್ರೆ ನನ್ನ ಕುತ್ತಿಗೆ ಹಿಡ್ದು ಕಳಿಸ್ತಿದ್ಲು."

ಸಂಘಮಿತ್ರಾ ನಗಲು ನೋಡಿದಳು, ಆಗಲಿಲ್ಲ. ಗಿರಾಕಿಯೊಬ್ಬ ಬಂದು ಬ್ರಷ್ ಕೇಳಿದ. ಕೊಟ್ಟು, ಚಿಲ್ಲರೆ ಎಣಿಸಿ, ಅವನು ಹೋದ ಮೇಲೆ ಮುದುಕನ ಕಡೆ ತಿರುಗಿದಳು.

"ಬೇಡ ಚಾಚಾ. ನೀವು ಮೂಸಿ ಹೇಳ್ತೀರ, ಅದನ್ನ ನಾನು ನನ್ನ ಮಾತು ಅಂತ ಹೇಳ್ಬೇಕು. ಮೂರು ವರ್ಷ ಮಾಡಿದ್ದು ಅದನ್ನೇ ಅಲ್ವಾ, ಇನ್ಯಾರ್‍ದೋ ಮಾತು ನಂದು ಅಂತ? ನಿಖಿತಾ ಮೇಡಂ ಒಂದು ತೆಗೆದು ನೋಡ್ಲಾ ಅಂದಾಗ ಬೇಡ ಅಂದವ್ಳು ನಾನು. ನಿಮ್ಮನ್ನ ಕಟ್ಕೊಂಡು ಮತ್ತೆ ಆ ಕಪಾಟಿನ ಮುಂದೆ ನಿಂತ್ರೆ ಜನ ತಗೋತಾರೆ, ನಂಗೊತ್ತು. ಅದಕ್ಕೇ ಬೇಡ. ನಿಮಗೆ ಈ ಗಾಳಿ ಆಗಲ್ಲ, ಕೆಮ್ತಿದೀರ. ಎದ್ದೇಳಿ, ಬಸ್‌ಸ್ಟಾಪ್ ತನಕ ಬಿಟ್ಟು ಬರ್ತೀನಿ. ನಾಳೆ ಮತ್ತೆ ಬರ್ಬೇಡಿ."